ನನ್ನ ಹನ್ನೊಂದರಲ್ಲಿ ಮೊದಲ ಹೆಸರು



ಕಳೆದ ಭಾನುವಾರ ಬೆಳಿಗ್ಗೆ ಮಾವಳ್ಳಿಯಲ್ಲಿ, ಲಾಲ್‌ಬಾಗ್ ಪಕ್ಕದ ಟೀ ಅಂಗಡಿ ಮುಂದೆ, ನಾವು ಹಳೇ ಏರಿಯಾ ಹುಡುಗರು ಸೇರಿದ್ವಿ. ಭಾರತದ ಸಾರ್ವಕಾಲಿಕ ಕ್ರಿಕೆಟ್ ತಂಡ ಆರಿಸೋ ಚರ್ಚೆ. ಗಾವಸ್ಕರ್, ಸೆಹ್ವಾಗ್, ದ್ರಾವಿಡ್, ತೆಂಡೂಲ್ಕರ್ ಬಗ್ಗೆ ಜಗಳ ಇಲ್ಲ. ನಮ್ಮೂರಿನ ವಿಶ್ವನಾಥ್, ಕುಂಬ್ಳೆ, ಚಂದ್ರಶೇಖರ್ ಬೇಕೇ ಬೇಕು. ಎಡಗೈ ಸ್ಪಿನ್ನರ್ ಯಾರು ಅಂದಾಗ ಒಬ್ಬ ಬೇಡಿ ಅಂದ, ಇನ್ನೊಬ್ಬ ಜಡೇಜ ಅಂದ. ನಾನು ‘ಪಲ್ವಂಕರ್ ಬಾಲೂ’ ಅಂದೆ.

‘ಯಾರ್ ಗುರು ಅದು?’

ಅದಕ್ಕೇ ಈ ಪೋಸ್ಟ್.

ಬಾಲೂ ಹುಟ್ಟಿದ್ದು 1876ರಲ್ಲಿ, ನಮ್ಮ ಧಾರವಾಡದಲ್ಲಿ. ಚಮ್ಮಾರ ಕುಟುಂಬ, ಅಪ್ಪನ ದುಡಿಮೆ ಸೈನ್ಯದಲ್ಲಿ. ಪುಣೆಯಲ್ಲಿ ಅಧಿಕಾರಿಗಳು ಬಿಸಾಡಿದ ಬ್ಯಾಟು, ಬಾಲಲ್ಲಿ ಆಟ ಕಲಿತರು. ಮೊದಲ ಕೆಲಸ ಪಾರ್ಸಿ ಕ್ಲಬ್ಬಿನಲ್ಲಿ: ಪಿಚ್ ಗುಡಿಸೋದು, ರೋಲರ್ ಎಳೆಯೋದು. ಸಂಬಳ ತಿಂಗಳಿಗೆ 3 ರೂಪಾಯಿ. ಆಮೇಲೆ ಯುರೋಪಿಯನ್ನರ ಪೂನಾ ಕ್ಲಬ್, 4 ರೂಪಾಯಿ. ಅಲ್ಲಿ ಗ್ರೆಗ್ ಅನ್ನೋ ದೊಡ್ಡ ಬ್ಯಾಟ್ಸ್‌ಮನ್‌ಗೆ ನೆಟ್ಸ್‌ನಲ್ಲಿ ಗಂಟೆಗಟ್ಟಲೆ ಬೌಲ್ ಮಾಡಿ ಮಾಡಿ ಕೈ ಪಳಗಿತು. ಆದರೆ ಬ್ಯಾಟ್ ಕೊಡ್ತಿರಲಿಲ್ಲ. ಬ್ಯಾಟಿಂಗ್ ಸಾಹೇಬರದ್ದು, ಬೆವರು ನಮ್ಮದು.

ಇದನ್ನ ಓದುವಾಗ ನನಗೆ ನಮ್ಮ ಗಲ್ಲಿ ನೆನಪಾಯ್ತು. ಚರಂಡಿಗೆ ಬಿದ್ದ ಟೆನಿಸ್ ಬಾಲ್ ಎತ್ತಿಕೊಡೋ ‘ಹಕ್ಕು’ ನನಗೇ ಮೀಸಲಿತ್ತು. ಬ್ಯಾಟಿಂಗ್ ಸರದಿ ಬರೋ ಹೊತ್ತಿಗೆ ಕತ್ತಲಾಗ್ತಿತ್ತು.

ಪುಣೆಯ ಹಿಂದೂಗಳಿಗೆ ಯುರೋಪಿಯನ್ನರನ್ನ ಸೋಲಿಸಬೇಕಿತ್ತು, ಹಾಗಾಗಿ ಬಾಲೂ ಅವರ ಬೌಲಿಂಗ್ ಬೇಕಿತ್ತು. ಮೈದಾನದಲ್ಲಿ ಎಲ್ಲರೂ ಮುಟ್ಟೋ ಅದೇ ಬಾಲನ್ನ ಅವರೂ ಮುಟ್ಟಬಹುದು. ಟೀ ವಿರಾಮದಲ್ಲಿ ಮಾತ್ರ ಪೆವಿಲಿಯನ್ ಹೊರಗೆ, ಒಡೆದು ಬಿಸಾಡೋ ಮಣ್ಣಿನ ಕುಡಿಕೆಯಲ್ಲಿ ಟೀ. ವಿಕೆಟ್ಟಿಗೆ ಮೈಲಿಗೆ ಇಲ್ಲ, ಲೋಟಕ್ಕೆ ಇದೆ!

1906ರಲ್ಲಿ ಮುಂಬೈನಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನ 109 ರನ್ನಿನಿಂದ ಸೋಲಿಸಿತು. ಆ ತಂಡದಲ್ಲಿ ಬಾಲೂ ಇದ್ದರು. 1911ರಲ್ಲಿ ಮೊಟ್ಟಮೊದಲ ಅಖಿಲ ಭಾರತ ತಂಡ ಇಂಗ್ಲೆಂಡಿಗೆ ಹೋಯ್ತು. ನಾಯಕ ಪಟಿಯಾಲದ ಮಹಾರಾಜ. ನಮ್ಮ ಬೆಂಗಳೂರಿನ ಜಯರಾಂ ಕೂಡ ಆ ತಂಡದಲ್ಲಿದ್ದರು. ತಂಡ ಸೋತಿದ್ದೇ ಹೆಚ್ಚು. ಆದರೆ 35 ವಯಸ್ಸಿನ ಬಾಲೂ 114 ವಿಕೆಟ್ ತೆಗೆದು ಬಂದರು. ಪ್ರಥಮ ದರ್ಜೆಯಲ್ಲಿ ಒಟ್ಟು 33 ಪಂದ್ಯ, 179 ವಿಕೆಟ್, ಸರಾಸರಿ 15.21.

ಇಷ್ಟಾದರೂ ಹಿಂದೂ ತಂಡದ ನಾಯಕ ಪಟ್ಟ ಅವರಿಗೆ ಸಿಗಲಿಲ್ಲ. ಈ ಗೌರವ ಬಾಲೂಗೆ ಸಲ್ಲಬೇಕಿತ್ತು ಅಂತ ನಾಯಕರಾಗಿದ್ದ ಎಂ.ಡಿ. ಪೈ ಅವರೇ ಹೇಳಿದ್ದರು. 1920ರಲ್ಲಿ ಬಾಲೂ ಅವರನ್ನ ತಂಡದಿಂದಲೇ ಬಿಟ್ಟಾಗ ತಮ್ಮಂದಿರಾದ ಶಿವರಾಂ, ವಿಠಲ್ ‘ನಾವೂ ಆಡಲ್ಲ’ ಅಂತ ಹೊರಬಂದರು. ಆ ಪ್ರತಿಭಟನೆಯ ಫಲ 1923ರಲ್ಲಿ ಸಿಕ್ಕಿತು: ವಿಠಲ್ ನಾಯಕರಾದರು, ಕಪ್ ಗೆದ್ದರು. ಕೇಳದೆ ಯಾರೂ ಕೊಟ್ಟಿಲ್ಲ, ಮೈದಾನದಲ್ಲೂ.

ಈಗ ಕಷ್ಟದ ಮಾತು. 1932ರಲ್ಲಿ ಬಾಲೂ ಪ್ರತ್ಯೇಕ ಮತಕ್ಷೇತ್ರದ ವಿರುದ್ಧ ನಿಂತರು. 1937ರಲ್ಲಿ ಕಾಂಗ್ರೆಸ್ಸಿನಿಂದ ಬಾಬಾಸಾಹೇಬರ ಎದುರೇ ಸ್ಪರ್ಧಿಸಿ 13,245–11,225 ಮತಗಳಲ್ಲಿ ಸೋತರು. ಇದೇ ಬಾಲೂ ಅವರಿಗೆ ಹಿಂದೊಮ್ಮೆ ಸನ್ಮಾನ ಏರ್ಪಡಿಸಿದವರಲ್ಲಿ ಯುವಕ ಅಂಬೇಡ್ಕರ್ ಇದ್ದರು. ನನಗೆ ಬಾಲೂ ಅವರ ರಾಜಕೀಯ ಒಪ್ಪಿಗೆ ಇಲ್ಲ. ಅದಕ್ಕಾಗಿ ಅವರ ಬೌಲಿಂಗ್ ಅಳಿಸಲಾ? ಮಾಡಿದರೆ ಅವರನ್ನ ಹೊರಗೆ ಕೂರಿಸಿದವರಿಗೂ ನನಗೂ ಏನು ವ್ಯತ್ಯಾಸ?

‘ಟೆಸ್ಟ್ ಆಡಿಲ್ಲವಲ್ಲ ಮಗಾ’ ಅಂದ ಗೆಳೆಯ. ಹೌದು. ಭಾರತ ಮೊದಲ ಟೆಸ್ಟ್ ಆಡಿದ್ದೇ 1932ರಲ್ಲಿ, ಆಗ ಬಾಲೂಗೆ 56. ಅಂದರೆ ನಾವು ‘ಸಾರ್ವಕಾಲಿಕ’ ಅನ್ನೋ ಕಾಲವೇ 1932ರಿಂದ ಶುರು. ಗೆರೆ ಎಲ್ಲಿ ಎಳೀತೀವಿ ಅನ್ನೋದರ ಮೇಲೆ ಯಾರು ಒಳಗೆ, ಯಾರು ಹೊರಗೆ ಅಂತ ತೀರ್ಮಾನ ಆಗುತ್ತೆ. ಗೆರೆಯಾಚೆ ನಿಲ್ಲೋದು ಏನು ಅಂತ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನನ್ನ ತಂಡ: ಗಾವಸ್ಕರ್, ಸೆಹ್ವಾಗ್, ದ್ರಾವಿಡ್, ತೆಂಡೂಲ್ಕರ್, ವಿಶ್ವನಾಥ್, ಧೋನಿ, ಕಪಿಲ್, ಕುಂಬ್ಳೆ, ಚಂದ್ರಶೇಖರ್, ಬುಮ್ರಾ.

ಹನ್ನೊಂದನೆಯವರು, ಆದರೆ ಪಟ್ಟಿಯಲ್ಲಿ ಮೊದಲು ಬರೆದ ಹೆಸರು: ಪಲ್ವಂಕರ್ ಬಾಲೂ, ಧಾರವಾಡ. ನಾಯಕ.

ಟೀ ಎಲ್ಲರಿಗೂ ಒಂದೇ ಲೋಟದಲ್ಲಿ.