ಪ್ರತಿ ನಿಯಮದ ಹಿಂದೆ ಒಂದು ಪ್ರಮಾದ: ತಂತ್ರಾಂಶ ಪರೀಕ್ಷೆಯ ಇತಿಹಾಸ

ಮಗನಿಗೋ ಮಗಳಿಗೋ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತೆಂದರೆ ಮನೆಯಲ್ಲಿ ಸಂಭ್ರಮ. ಆದರೆ ಕೆಲಸ 'ಟೆಸ್ಟಿಂಗ್' ವಿಭಾಗದಲ್ಲಿ ಎಂದು ತಿಳಿದಾಗ ಆ ಸಂಭ್ರಮ ಸ್ವಲ್ಪ ಇಳಿಯುವುದೂ ಉಂಟು. "ಪ್ರೋಗ್ರಾಂ ಬರೆಯುವ ಕೆಲಸ ಸಿಗಲಿಲ್ಲವೇ? ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ?" ಎಂದು ಬಂಧುಗಳು ಕೇಳುತ್ತಾರೆ. ನಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿಯೂ ಇದು ಎರಡನೇ ದರ್ಜೆಯ ಕೆಲಸವೆಂಬ ಭಾವನೆ ಬೇರೂರಿದೆ.

ಈ ಭಾವನೆ ಎಷ್ಟು ಸರಿ? ತಂತ್ರಾಂಶದ ಗುಣಮಟ್ಟಕ್ಕಾಗಿ ಇಂದು ಜಗತ್ತಿನಲ್ಲಿರುವ ನಿಯಮಗಳು ಹೇಗೆ ಹುಟ್ಟಿದವು ಎಂಬುದನ್ನು ನೋಡಿದರೆ ಉತ್ತರ ತಾನಾಗಿ ದೊರೆಯುತ್ತದೆ. ಈ ನಿಯಮಗಳಲ್ಲಿ ಬಹುಪಾಲು ಯಾರೋ ನಷ್ಟ ಅನುಭವಿಸಿದ ನಂತರ, ಕೆಲವೊಮ್ಮೆ ಪ್ರಾಣ ಕಳೆದುಕೊಂಡ ನಂತರ, ಬರೆಯಲ್ಪಟ್ಟವು.

ಆರಂಭದ ದಿನಗಳು

1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದಲ್ಲಿ 'ಮಾರ್ಕ್ 2' ಎಂಬ ಗಣಕಯಂತ್ರ ಕೆಟ್ಟು ನಿಂತಿತು. ತೆರೆದು ನೋಡಿದಾಗ ಅದರ ರಿಲೇ ಒಂದರಲ್ಲಿ ಪತಂಗವೊಂದು ಸಿಕ್ಕಿಬಿದ್ದಿತ್ತು. ಕೆಲಸಗಾರರು ಆ ಪತಂಗವನ್ನು ದಿನಚರಿ ಪುಸ್ತಕದಲ್ಲಿ ಅಂಟಿಸಿ, ನಿಜವಾದ 'ಬಗ್' ಸಿಕ್ಕ ಮೊದಲ ಪ್ರಸಂಗ ಇದೆಂದು ತಮಾಷೆಯಾಗಿ ಬರೆದಿಟ್ಟರು. ಅದೇ ತಂಡದಲ್ಲಿದ್ದ ಗ್ರೇಸ್ ಹಾಪರ್ ಈ ಪ್ರಸಂಗವನ್ನು ಮುಂದೆ ಎಲ್ಲೆಡೆ ಹೇಳಿ ಪ್ರಸಿದ್ಧಗೊಳಿಸಿದರು. 'ಬಗ್' ಎಂಬ ಪದ ಅದಕ್ಕೂ ಮೊದಲೇ, ಎಡಿಸನ್ ಕಾಲದಿಂದಲೂ, ಇಂಜಿನಿಯರುಗಳ ಮಾತಿನಲ್ಲಿತ್ತು. ಆ ದಿನಚರಿ ಪುಸ್ತಕ ಇಂದಿಗೂ ಅಮೆರಿಕದ ಸ್ಮಿತ್‌ಸೋನಿಯನ್ ವಸ್ತುಸಂಗ್ರಹಾಲಯದಲ್ಲಿದೆ.

ಆಗ 'ಪರೀಕ್ಷೆ' ಎಂಬ ಪ್ರತ್ಯೇಕ ಕೆಲಸವಿರಲಿಲ್ಲ. ಬರೆದವನೇ ಓಡಿಸಿ ನೋಡುತ್ತಿದ್ದ, ಕೆಟ್ಟರೆ ಅವನೇ ಸರಿಪಡಿಸುತ್ತಿದ್ದ. 1988ರಲ್ಲಿ ಡೇವಿಡ್ ಗೆಲ್ಪೆರಿನ್ ಮತ್ತು ಬಿಲ್ ಹೆಟ್ಜೆಲ್ ಎಂಬ ತಜ್ಞರು ಈ ಕ್ಷೇತ್ರದ ಬೆಳವಣಿಗೆಯನ್ನು ಐದು ಘಟ್ಟಗಳಾಗಿ ವಿಂಗಡಿಸಿದರು. 1956ರವರೆಗೆ ದೋಷ ತಿದ್ದುವುದೇ ಪರೀಕ್ಷೆ. 1957ರಿಂದ 1978ರವರೆಗೆ 'ಇದು ಕೆಲಸ ಮಾಡುತ್ತದೆ' ಎಂದು ತೋರಿಸುವುದು ಪರೀಕ್ಷೆ. 1979ರಿಂದ 'ಇದರಲ್ಲಿ ತಪ್ಪೆಲ್ಲಿದೆ' ಎಂದು ಹುಡುಕುವುದು ಪರೀಕ್ಷೆ. 1983ರಿಂದ ಪ್ರತಿ ಹಂತದಲ್ಲೂ ಗುಣಮಟ್ಟವನ್ನು ಅಳೆಯುವುದು, 1988ರಿಂದ ತಪ್ಪು ಹುಟ್ಟದಂತೆ ತಡೆಯುವುದು. ಒಂದೇ ಪದದ ಅರ್ಥ ಮೂವತ್ತು ವರ್ಷಗಳಲ್ಲಿ ಹೀಗೆ ಬದಲಾಯಿತು.

ಈ ಬದಲಾವಣೆಗೆ ಒಂದು ಮುಖ್ಯ ಕಾರಣ 1960ರ ದಶಕದ ಬಿಕ್ಕಟ್ಟು. ಯಂತ್ರಗಳು ದೊಡ್ಡದಾದಂತೆ ಪ್ರೋಗ್ರಾಂಗಳೂ ಲಕ್ಷಾಂತರ ಸಾಲುಗಳಿಗೆ ಬೆಳೆದವು. ಯೋಜನೆಗಳು ಗಡುವು ಮೀರಿದವು, ವೆಚ್ಚ ಮಿತಿ ದಾಟಿತು. 1968ರ ಅಕ್ಟೋಬರ್‌ನಲ್ಲಿ ಜರ್ಮನಿಯ ಗಾರ್ಮಿಷ್ ಎಂಬಲ್ಲಿ ನ್ಯಾಟೋ ಆಶ್ರಯದಲ್ಲಿ ತಜ್ಞರು ಸಭೆ ಸೇರಿ, ಸೇತುವೆ ಕಟ್ಟುವವರಿಗೆ ಇರುವಂತಹ ಶಿಸ್ತು ತಂತ್ರಾಂಶ ಬರೆಯುವವರಿಗೂ ಬೇಕೆಂದು ಚರ್ಚಿಸಿದರು. 'ಸಾಫ್ಟ್‌ವೇರ್ ಇಂಜಿನಿಯರಿಂಗ್' ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಅಲ್ಲಿಂದಲೇ. ಮರುವರ್ಷ ರೋಮ್‌ನಲ್ಲಿ ನಡೆದ ಸಭೆಯಲ್ಲಿ ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಈ ವಿದ್ಯೆಯ ಮಿತಿಯನ್ನು ಸ್ಪಷ್ಟಪಡಿಸಿದರು: ಪರೀಕ್ಷೆಯಿಂದ ತಪ್ಪು ಇದೆಯೆಂದು ತೋರಿಸಬಹುದೇ ಹೊರತು ತಪ್ಪೇ ಇಲ್ಲವೆಂದು ತೋರಿಸಲಾಗದು.

ತಪ್ಪು ಹುಡುಕುವ ವಿದ್ಯೆ

1979ರಲ್ಲಿ ಗ್ಲೆನ್‌ಫೋರ್ಡ್ ಮೈಯರ್ಸ್ ಬರೆದ ಪುಸ್ತಕವೊಂದು ಈ ವಿದ್ಯೆಗೆ ಹೊಸ ದಿಕ್ಕು ನೀಡಿತು. ತಪ್ಪು ಕಂಡುಹಿಡಿಯಬೇಕೆಂಬ ಉದ್ದೇಶದಿಂದಲೇ ಪ್ರೋಗ್ರಾಂ ಅನ್ನು ಓಡಿಸುವುದು ಪರೀಕ್ಷೆ ಎಂದು ಅವರು ಹೇಳಿದರು. ತನ್ನ ತಪ್ಪು ತನಗೆ ಕಾಣುವುದು ಕಷ್ಟ. ಆದ್ದರಿಂದ ಬರೆದವನು ತನ್ನದನ್ನು ತಾನೇ ಪರೀಕ್ಷಿಸಿ ಮುಗಿಸಬಾರದು ಎಂಬುದು ಅವರ ಇನ್ನೊಂದು ಸೂತ್ರ.

ವಿಧಾನಗಳನ್ನು ತಿಳಿಯಲು ಒಂದು ಸರಳ ಉದಾಹರಣೆ ತೆಗೆದುಕೊಳ್ಳೋಣ. 100 ಅಂಕಗಳ ಪ್ರಶ್ನೆಪತ್ರಿಕೆಯಲ್ಲಿ 35 ಬಂದರೆ ಪಾಸ್ ಎಂದು ಹೇಳುವ ಪ್ರೋಗ್ರಾಂ ಇದೆ ಎನ್ನಿ. ಅದನ್ನು 50 ಮತ್ತು 20 ಎಂಬ ಅಂಕಗಳಿಂದ ಪರೀಕ್ಷಿಸಿದರೆ ಎಲ್ಲವೂ ಸರಿ ಕಾಣುತ್ತದೆ. ಆದರೆ ಬರೆದವನು '35 ಅಥವಾ ಹೆಚ್ಚು' ಎನ್ನುವ ಬದಲು '35ಕ್ಕಿಂತ ಹೆಚ್ಚು' ಎಂದು ಬರೆದಿದ್ದರೆ? ಸರಿಯಾಗಿ 35 ಪಡೆದ ವಿದ್ಯಾರ್ಥಿ ಫೇಲಾಗುತ್ತಾನೆ. ಆದ್ದರಿಂದ ಅನುಭವಿ ಪರೀಕ್ಷಕರು ಅಂಚುಗಳನ್ನು ಹಿಡಿಯುತ್ತಾರೆ: 34, 35, 36, ಹಾಗೆಯೇ 0, 100, 101, ಮೈನಸ್ 1, ಖಾಲಿ ಬಿಟ್ಟ ಜಾಗ, ಅಂಕದ ಬದಲು ಅಕ್ಷರ. ಇದಕ್ಕೆ 'ಗಡಿ ಮೌಲ್ಯ ಪರೀಕ್ಷೆ' ಎನ್ನುತ್ತಾರೆ.

ಒಳಗಿನ ಬರಹವನ್ನು ನೋಡದೆ, ಕೊಟ್ಟದ್ದಕ್ಕೆ ಬಂದದ್ದು ಸರಿಯೇ ಎಂದು ಮಾತ್ರ ನೋಡುವುದು 'ಬ್ಲ್ಯಾಕ್ ಬಾಕ್ಸ್' ಪರೀಕ್ಷೆ. ಒಳಗಿನ ಪ್ರತಿಯೊಂದು ದಾರಿಯೂ ಒಮ್ಮೆಯಾದರೂ ಓಡಿತೇ ಎಂದು ನೋಡುವುದು 'ವೈಟ್ ಬಾಕ್ಸ್' ಪರೀಕ್ಷೆ. ಬಿಡಿ ಭಾಗ, ಭಾಗಗಳ ಜೋಡಣೆ, ಇಡೀ ವ್ಯವಸ್ಥೆ, ಕೊನೆಗೆ ಬಳಕೆದಾರರ ಒಪ್ಪಿಗೆ: ಇವು ಪರೀಕ್ಷೆಯ ನಾಲ್ಕು ಮೆಟ್ಟಿಲುಗಳು. ಒಂದು ತಪ್ಪು ತಿದ್ದುವಾಗ ಇನ್ನೊಂದು ಹುಟ್ಟಿತೇ ಎಂದು ಹಳೆಯ ಪರೀಕ್ಷೆಗಳನ್ನೆಲ್ಲ ಮತ್ತೆ ನಡೆಸುವುದು 'ರಿಗ್ರೆಷನ್' ಪರೀಕ್ಷೆ. ಯಂತ್ರವನ್ನು ಓಡಿಸದೆಯೇ ನಾಲ್ಕು ಜನ ಕುಳಿತು ಬರಹವನ್ನು ಸಾಲುಸಾಲಾಗಿ ಓದಿ ತಪ್ಪು ಹಿಡಿಯುವ ಪದ್ಧತಿಯನ್ನು ಐಬಿಎಂನ ಮೈಕೆಲ್ ಫೇಗನ್ 1976ರಲ್ಲಿ ಪ್ರಕಟಿಸಿದರು.

ಎರಡು ದುರಂತಗಳು, ಒಂದೇ ಪಾಠ

ಇಷ್ಟೆಲ್ಲ ವಿಧಾನಗಳು ಪುಸ್ತಕದಲ್ಲಿದ್ದ ಕಾಲದಲ್ಲೇ 'ಥೆರಾಕ್ 25' ದುರಂತ ನಡೆಯಿತು. ಇದು ಕೆನಡಾದ ಸಂಸ್ಥೆಯೊಂದು ತಯಾರಿಸಿದ, ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ನೀಡುವ ಯಂತ್ರ. ಹಿಂದಿನ ಮಾದರಿಯಲ್ಲಿ ವಿಕಿರಣ ಮಿತಿ ಮೀರದಂತೆ ತಡೆಯಲು ತಂತ್ರಾಂಶದಿಂದ ಸ್ವತಂತ್ರವಾದ ಯಾಂತ್ರಿಕ ತಡೆಗಳಿದ್ದವು. ಹೊಸ ಮಾದರಿಯಲ್ಲಿ ಅವುಗಳನ್ನು ತೆಗೆದು ಆ ಹೊಣೆಯನ್ನು ತಂತ್ರಾಂಶಕ್ಕೇ ವಹಿಸಲಾಯಿತು. ಆ ತಂತ್ರಾಂಶ ಹೆಚ್ಚುಕಡಿಮೆ ಒಬ್ಬನೇ ವ್ಯಕ್ತಿ ಬರೆದದ್ದು. ಅದರ ಕೆಲವು ಭಾಗಗಳು ಹಳೆಯ ಮಾದರಿಗಳಿಂದ ಬಂದವು.

1985ರ ಜೂನ್‌ನಿಂದ 1987ರ ಜನವರಿಯವರೆಗೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆರು ಜನ ರೋಗಿಗಳ ಮೇಲೆ ಮಿತಿಮೀರಿದ ವಿಕಿರಣ ಬಿದ್ದಿತು. ಹಲವರು ಪ್ರಾಣ ಕಳೆದುಕೊಂಡರು. ದೂರು ಬಂದಾಗ, ಈ ಯಂತ್ರದಿಂದ ಹಾಗಾಗುವುದು ಸಾಧ್ಯವೇ ಇಲ್ಲ ಎಂಬುದು ತಯಾರಕರ ಉತ್ತರ. 1986ರಲ್ಲಿ ಟೆಕ್ಸಾಸ್‌ನ ಟೈಲರ್ ಊರಿನ ಆಸ್ಪತ್ರೆಯಲ್ಲಿ ಎರಡನೇ ಅಪಘಾತವಾದಾಗ, ಅಲ್ಲಿನ ಭೌತವಿಜ್ಞಾನಿ ಸುಮ್ಮನಿರಲಿಲ್ಲ. ಯಂತ್ರ ನಡೆಸುತ್ತಿದ್ದ ಮಹಿಳೆಯನ್ನು ಜೊತೆಗಿರಿಸಿಕೊಂಡು, ಅಂದು ಒತ್ತಿದ ಕೀಲಿಗಳನ್ನೇ ಮತ್ತೆ ಮತ್ತೆ ಒತ್ತಿ ನೋಡಿದರು. ಕೊನೆಗೆ ಗುಟ್ಟು ಬಯಲಾಯಿತು. ಆಕೆ ಚಿಕಿತ್ಸೆಯ ವಿಧವನ್ನು ತಪ್ಪಾಗಿ ಒತ್ತಿ, ಸುಮಾರು 8 ಸೆಕೆಂಡುಗಳೊಳಗೆ ತಿದ್ದಿದರೆ, ಪರದೆಯ ಮೇಲೆ ತಿದ್ದುಪಡಿ ಕಾಣುತ್ತಿತ್ತು. ಆದರೆ ಯಂತ್ರದ ಒಳಗಿನ ಒಂದು ಭಾಗಕ್ಕೆ ಅದು ತಲುಪುತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ನಿಧಾನವಾಗಿ ಒತ್ತುವವರಿಗೆ ಈ ತಪ್ಪು ಕಾಣುವಂತಿರಲಿಲ್ಲ. ದಿನವೂ ಅದೇ ಕೆಲಸ ಮಾಡಿ ಕೈ ಪಳಗಿದವರಿಗೆ ಮಾತ್ರ ಅದು ಎದುರಾಗುತ್ತಿತ್ತು.

ಹಳೆಯ ಮಾದರಿಯಲ್ಲಿಯೂ ಇದೇ ತಪ್ಪು ಇತ್ತು ಎಂಬುದು ಆಮೇಲೆ ತಿಳಿಯಿತು. ಅಲ್ಲಿ ಯಾಂತ್ರಿಕ ತಡೆ ರೋಗಿಯನ್ನು ಉಳಿಸುತ್ತಿತ್ತು. ಆದ್ದರಿಂದ ತಪ್ಪು ವರ್ಷಗಟ್ಟಲೆ ಬೆಳಕಿಗೆ ಬರಲಿಲ್ಲ.

ಹತ್ತು ವರ್ಷಗಳ ನಂತರ ಇದೇ ಪಾಠ ಇನ್ನೊಂದು ರೂಪದಲ್ಲಿ ಬಂದಿತು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದಿಂದ ಹಾರಿದ ಯುರೋಪಿನ 'ಏರಿಯಾನ್ 5' ರಾಕೆಟ್ ಸುಮಾರು 40 ಸೆಕೆಂಡುಗಳಲ್ಲಿ ನಾಲ್ಕು ಉಪಗ್ರಹಗಳೊಂದಿಗೆ ಛಿದ್ರವಾಯಿತು. ಅದರ ದಿಕ್ಕು ತೋರುವ ತಂತ್ರಾಂಶವನ್ನು 'ಏರಿಯಾನ್ 4'ರಿಂದ ಎತ್ತಿಕೊಳ್ಳಲಾಗಿತ್ತು. ಹೊಸ ರಾಕೆಟ್ಟಿನ ಅಡ್ಡ ವೇಗ ಹೆಚ್ಚು. ಅದಕ್ಕೆ ಸಂಬಂಧಿಸಿದ ಸಂಖ್ಯೆ 32,767ಕ್ಕಿಂತ ಹೆಚ್ಚಿನದನ್ನು ಹಿಡಿಯಲಾರದ 16 ಬಿಟ್ ಜಾಗದಲ್ಲಿ ತುಂಬಲಾರದೆ ಹೋಯಿತು. ಹೊಸ ರಾಕೆಟ್ಟಿನ ಹಾರಾಟದ ಅಂಕಿಅಂಶಗಳಿಂದ ಆ ಭಾಗವನ್ನು ಪರೀಕ್ಷಿಸಿಯೇ ಇರಲಿಲ್ಲ ಎಂದು ತನಿಖಾ ಮಂಡಳಿ ಹೇಳಿತು. ಎರಡೂ ಕಡೆ 'ಹಿಂದೆ ಸರಿಯಾಗಿ ನಡೆದಿತ್ತು' ಎಂಬ ನಂಬಿಕೆಯೇ ಪರೀಕ್ಷೆಯ ಸ್ಥಾನವನ್ನು ಆಕ್ರಮಿಸಿಕೊಂಡಿತ್ತು.

ನಿಯಮಗಳ ಹುಟ್ಟು

ಬಾಯಿಮಾತಿನ ಭರವಸೆ ಸಾಲದು, ಏನನ್ನು ಪರೀಕ್ಷಿಸಿದಿರಿ ಎಂಬುದಕ್ಕೆ ಬರಹದ ದಾಖಲೆ ಬೇಕು ಎಂಬುದೇ ಎಲ್ಲ ಮಾನದಂಡಗಳ ತಿರುಳು. ಪರೀಕ್ಷೆಯ ಯೋಜನೆ, ಪ್ರತಿ ಪರೀಕ್ಷೆಯ ವಿವರ, ಸಿಕ್ಕ ತಪ್ಪುಗಳ ವರದಿ ಹೇಗಿರಬೇಕೆಂದು ಐಇಇಇ 829 ಎಂಬ ಮಾನದಂಡ 1983ರಲ್ಲಿ ಹೇಳಿತು. ಅದರ ಜಾಗವನ್ನು 2013ರಿಂದ ಪ್ರಕಟವಾಗತೊಡಗಿದ ಅಂತರರಾಷ್ಟ್ರೀಯ ಮಾನದಂಡ 29119 ತೆಗೆದುಕೊಂಡಿತು. ಕಾರ್ಖಾನೆಗಳಿಗೆಂದು 1987ರಲ್ಲಿ ಬಂದ ಐಎಸ್ಒ 9000 ಸರಣಿಯನ್ನು ತಂತ್ರಾಂಶಕ್ಕೆ ಹೇಗೆ ಅನ್ವಯಿಸಬೇಕೆಂಬ ಮಾರ್ಗಸೂಚಿ 1991ರಲ್ಲಿ ಬಂದಿತು. ವಿಮಾನದ ತಂತ್ರಾಂಶಕ್ಕೆ 'ಡಿಒ 178' ನಿಯಮಾವಳಿ ಇದೆ. 1992ರ ಅದರ ಎರಡನೇ ಪರಿಷ್ಕರಣೆಯ ಪ್ರಕಾರ, ತಪ್ಪಿದರೆ ಆಗುವ ಅನಾಹುತ ಹೆಚ್ಚಾದಷ್ಟೂ ಪರೀಕ್ಷೆ ಕಠಿಣ. ವೈದ್ಯಕೀಯ ಉಪಕರಣಗಳ ತಂತ್ರಾಂಶಕ್ಕೆಂದೇ ಐಇಸಿ 62304 ಎಂಬ ಮಾನದಂಡ 2006ರಲ್ಲಿ ಬಂದಿತು. ಥೆರಾಕ್ ದುರಂತವಾಗಿ ಆಗ ಇಪ್ಪತ್ತು ವರ್ಷಗಳಾಗಿದ್ದವು.

ನಮ್ಮ ನಾಡಿಗೆ ಹತ್ತಿರವಾದದ್ದು 'ಸಿಎಂಎಂ'. ತನಗೆ ತಂತ್ರಾಂಶ ಒದಗಿಸುವವರ ಸಾಮರ್ಥ್ಯ ಅಳೆಯಲು ಅಮೆರಿಕದ ರಕ್ಷಣಾ ಇಲಾಖೆಗೆ ಒಂದು ಅಳತೆಗೋಲು ಬೇಕಿತ್ತು. ಇಲಾಖೆಯ ನೆರವಿನಿಂದ 1984ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದಲ್ಲಿ ಸ್ಥಾಪನೆಯಾದ ಸಂಸ್ಥೆಯಲ್ಲಿ ವಾಟ್ಸ್ ಹಂಫ್ರಿ ಮತ್ತು ಸಂಗಡಿಗರು ಅದನ್ನು ರೂಪಿಸಿದರು. 1991ರಲ್ಲಿ ಮೊದಲ ಆವೃತ್ತಿ ಬಂದಿತು. ಅದರಲ್ಲಿ ಐದು ಹಂತಗಳು. ಮೊದಲ ಹಂತದಲ್ಲಿ ಕೆಲಸ ಒಬ್ಬಿಬ್ಬರ ಜಾಣತನವನ್ನು ಅವಲಂಬಿಸಿರುತ್ತದೆ. ಐದನೇ ಹಂತದಲ್ಲಿ ಸಂಸ್ಥೆ ತನ್ನ ತಪ್ಪುಗಳನ್ನು ಅಳೆದು, ಅವುಗಳ ಮೂಲ ಹುಡುಕಿ, ಮರುಕಳಿಸದಂತೆ ತಡೆಯುತ್ತದೆ.

ಬೆಂಗಳೂರಿನ ಮೋಟೊರೋಲಾ ಕೇಂದ್ರ 1990ರ ದಶಕದ ಮೊದಲರ್ಧದಲ್ಲಿಯೇ ಐದನೇ ಹಂತ ತಲುಪಿ ಜಗತ್ತಿನ ಗಮನ ಸೆಳೆಯಿತು. 1998ರಲ್ಲಿ ವಿಪ್ರೋ ಈ ಹಂತ ಮುಟ್ಟಿತು. 2000ದ ದಶಕದ ಆರಂಭದಲ್ಲಿ ಐದನೇ ಹಂತದ ಸಂಸ್ಥೆಗಳಲ್ಲಿ ಅರ್ಧಕ್ಕಿಂತ ಹೆಚ್ಚು ಭಾರತದಲ್ಲಿದ್ದವು. ದೂರದ ಗ್ರಾಹಕ ನಮ್ಮನ್ನು ಕಂಡವನಲ್ಲ, ನಮ್ಮ ಹೆಸರು ಕೇಳಿದವನಲ್ಲ. ಅವನ ಮುಂದೆ ನಮ್ಮ ಕೆಲಸ ನಂಬಲರ್ಹ ಎಂದು ಹೇಳಿದ್ದು ಈ ಪ್ರಮಾಣಪತ್ರ. ನಾಡಿನ ಅಸಂಖ್ಯ ಯುವಕ ಯುವತಿಯರ ಅನ್ನಕ್ಕೆ ದಾರಿಯಾದದ್ದರಲ್ಲಿ ಅದರ ಪಾಲೂ ಇದೆ.

ಆದರೆ ಒಂದು ಎಚ್ಚರ ಬೇಕು. ಪ್ರಮಾಣಪತ್ರ ಹೇಳುವುದು ಕೆಲಸದ ಕ್ರಮ ಚೆನ್ನಾಗಿದೆ ಎಂದಷ್ಟೇ. ಕೈಗೆ ಬಂದ ತಂತ್ರಾಂಶದಲ್ಲಿ ತಪ್ಪಿಲ್ಲ ಎಂದಲ್ಲ. ದಾಖಲೆ ತುಂಬುವುದೇ ಗುರಿಯಾದರೆ ಕಡತ ದಪ್ಪವಾಗುತ್ತದೆ, ತಪ್ಪು ಅಲ್ಲಿಯೇ ಉಳಿಯುತ್ತದೆ.

ಯಂತ್ರದ ಮಾತೇ ಸಾಕ್ಷಿಯಾದಾಗ

ಈ ತಪ್ಪುಗಳು ರಾಕೆಟ್ಟು, ಆಸ್ಪತ್ರೆಗಳಿಗೆ ಮಾತ್ರ ಸೀಮಿತವಲ್ಲ. ಬ್ರಿಟನ್ನಿನ ಅಂಚೆ ಕಚೇರಿಗಳಲ್ಲಿ 1999ರಿಂದ 'ಹೊರೈಜನ್' ಎಂಬ ಲೆಕ್ಕದ ತಂತ್ರಾಂಶ ಬಂದಿತು. ಹಲವು ಕಚೇರಿಗಳಲ್ಲಿ ಹಣ ಕಡಿಮೆ ಇದೆ ಎಂದು ಅದು ತೋರಿಸಿತು. ಅಂಚೆ ಕಚೇರಿ ನಡೆಸುತ್ತಿದ್ದವರು, ಅವರಲ್ಲಿ ಅನೇಕರು ನಮ್ಮ ಉಪಖಂಡದ ಮೂಲದವರು, ತಾವು ಕದ್ದಿಲ್ಲವೆಂದು ಅಂಗಲಾಚಿದರು. ಕಂಪ್ಯೂಟರ್ ಸುಳ್ಳು ಹೇಳುವುದಿಲ್ಲ ಎಂಬ ನಂಬಿಕೆಯ ಮುಂದೆ ಅವರ ಮಾತು ನಿಲ್ಲಲಿಲ್ಲ. 900ಕ್ಕೂ ಹೆಚ್ಚು ಜನರಿಗೆ ಶಿಕ್ಷೆಯಾಯಿತು; ಕೆಲವರು ಜೈಲು ಸೇರಿದರು, ಕೆಲವರು ಮನೆಮಠ ಕಳೆದುಕೊಂಡರು. ತಂತ್ರಾಂಶದಲ್ಲಿ ದೋಷಗಳಿದ್ದವು ಎಂದು ಹೈಕೋರ್ಟ್ ತೀರ್ಪು ನೀಡಿದ್ದು 2019ರಲ್ಲಿ. 2021ರಲ್ಲಿ ಮೇಲ್ಮನವಿ ನ್ಯಾಯಾಲಯ 39 ಜನರ ಶಿಕ್ಷೆಯನ್ನು ಒಮ್ಮೆಗೇ ರದ್ದುಗೊಳಿಸಿತು. ಉಳಿದವರಿಗಾಗಿ 2024ರಲ್ಲಿ ವಿಶೇಷ ಕಾನೂನನ್ನೇ ತರಬೇಕಾಯಿತು.

ಇಂದು ನಮ್ಮ ಪಡಿತರ, ಪಿಂಚಣಿ, ವಿದ್ಯಾರ್ಥಿವೇತನ, ಪರೀಕ್ಷೆಯ ಫಲಿತಾಂಶ ಎಲ್ಲವೂ ಕಂಪ್ಯೂಟರಿನ ಮೂಲಕವೇ ಬರುತ್ತವೆ. ಹೆಸರು ಪಟ್ಟಿಯಲ್ಲಿ ಇಲ್ಲವೆಂದು ಯಂತ್ರ ಹೇಳಿದರೆ ಬಡವನೊಬ್ಬ ಬರಿಗೈಯಲ್ಲಿ ಹಿಂತಿರುಗಬೇಕಾಗುತ್ತದೆ. ಆ ಬಡವನ ಪರವಾಗಿ ಮುಂಚಿತವಾಗಿಯೇ ಪ್ರಶ್ನೆ ಕೇಳಬಲ್ಲವನು ಪರೀಕ್ಷಕ: "ಹೆಸರಿನ ಕಾಗುಣಿತ ಬೇರೆಯಾಗಿದ್ದರೆ? ಬೆರಳಚ್ಚು ಸವೆದಿದ್ದರೆ? ಒಂದೇ ಹೆಸರಿನ ಇಬ್ಬರಿದ್ದರೆ?"

ಆದ್ದರಿಂದ ನಮ್ಮ ವಿದ್ಯಾರ್ಥಿಗಳು ಈ ಕ್ಷೇತ್ರವನ್ನು ಕೀಳಾಗಿ ಕಾಣಬಾರದು. ಬರೆಯುವವನಿಗೆ ಕಲ್ಪನೆ ಬೇಕು. ಪರೀಕ್ಷಿಸುವವನಿಗೆ ಕಲ್ಪನೆಯ ಜೊತೆಗೆ, ಮೇಲಧಿಕಾರಿ ಅವಸರಪಡಿಸಿದಾಗಲೂ "ಇದು ಇನ್ನೂ ಸಿದ್ಧವಾಗಿಲ್ಲ" ಎನ್ನುವ ಧೈರ್ಯವೂ ಬೇಕು. ಟೈಲರ್ ಆಸ್ಪತ್ರೆಯಲ್ಲಿ ಅದೇ ಕೀಲಿಗಳನ್ನು ಮತ್ತೆ ಮತ್ತೆ ಒತ್ತಿದ ಆ ಇಬ್ಬರ ಬಳಿ ಯಾವ ಮಾನದಂಡದ ಪುಸ್ತಕವೂ ಇರಲಿಲ್ಲ. 'ಸಾಧ್ಯವೇ ಇಲ್ಲ' ಎಂಬ ಮಾತನ್ನು ಒಪ್ಪದ ಮನಸ್ಸು ಮಾತ್ರ ಇತ್ತು. ನಮ್ಮ ಮಕ್ಕಳು ಯಾವ ಹುದ್ದೆಗೇ ಹೋಗಲಿ, ಅಂತಹ ಮನಸ್ಸನ್ನು ಬೆಳೆಸಿಕೊಳ್ಳಲಿ.