ಧ್ರುವತಾರೆಯೂ ಧ್ರುವಬಿಂದುವೂ: ಸಮ್ರಾಟ್ ಯಂತ್ರದ ಸಾಕ್ಷ್ಯ

ದೂರದರ್ಶಕವನ್ನು ವಿಷುವದ್ವೃತ್ತಕ್ಕೆ ಹೊಂದಿಸಿ ಸ್ಥಾಪಿಸುವವನು ಮೊದಲು ಮಾಡತಕ್ಕದ್ದೇನೆಂದರೆ, ಅದರ ಮುಖ್ಯಾಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾಂತರವಾಗಿ ನಿಲ್ಲಿಸುವುದು. ಇದಕ್ಕೆ ಧ್ರುವತಾರೆಯ ಕಡೆಗೆ ತಿರುಗಿಸಿದರೆ ಸಾಕೆಂಬ ಭಾವನೆಯು ಸಾಧುವಲ್ಲ. ಗಣಿತಕ್ಕೆ ಬೇಕಾದ ಧ್ರುವವು ತಾರೆಯಲ್ಲ, ಖಗೋಲದ ಒಂದು ಬಿಂದು. ಅದರ ಔನ್ನತ್ಯವೇ ಆಯಾ ಸ್ಥಳದ ಅಕ್ಷಾಂಶ.

ಇದಕ್ಕೆ ಪ್ರತ್ಯಕ್ಷಪ್ರಮಾಣವು ಸವಾಯಿ ಜಯಸಿಂಹನು ೧೭೩೪ರ ಸುಮಾರಿನಲ್ಲಿ ಜಯಪುರದಲ್ಲಿ ಕಟ್ಟಿಸಿದ ಸಮ್ರಾಟ್ ಯಂತ್ರ. ಸುಮಾರು ೯೦ ಅಡಿ ಎತ್ತರದ ಅದರ ಶಂಕುವಿನ ಓರೆಯಂಚು ಆ ನಗರದ ಅಕ್ಷಾಂಶದಷ್ಟೇ, ಎಂದರೆ ಸುಮಾರು ೨೭ ಅಂಶಗಳ ಕೋನದಲ್ಲಿ, ಉತ್ತರಾಭಿಮುಖವಾಗಿ ಏರಿರುವುದು. ಅಂದು ಧ್ರುವತಾರೆಯು ಧ್ರುವಬಿಂದುವಿನಿಂದ ಸುಮಾರು ೨ ಅಂಶಗಳಷ್ಟು ದೂರವಿದ್ದು ಅದನ್ನು ಪ್ರದಕ್ಷಿಣೆ ಮಾಡುತ್ತಿತ್ತು. ೨ ಸೆಕೆಂಡುಗಳ ಕಾಲಭೇದವನ್ನು ತೋರಲೆಂದು ರಚಿತವಾದ ಯಂತ್ರವನ್ನು ಆ ತಾರೆಯ ನೇರಕ್ಕೆ ಕಟ್ಟಿದ್ದರೆ ಪ್ರಮಾದವಾಗುತ್ತಿತ್ತು. ತಾರೆಯ ಪರಮ ಮತ್ತು ಕನಿಷ್ಠ ಉನ್ನತಾಂಶಗಳ ಮಧ್ಯಮಾನವನ್ನು ತೆಗೆದರೆ ಮಾತ್ರ ಬಿಂದುವು ಸಿದ್ಧಿಸುವುದು.

ಅಯನಚಲನದಿಂದ ತಾರೆಯು ಈಗ ಬಿಂದುವಿಗೆ ಒಂದಂಶಕ್ಕಿಂತಲೂ ಸಮೀಪವಾಗಿದೆ. ಮುಂದೆ ಮರಳಿ ದೂರ ಸರಿಯುವುದು. ಅಯನದಿಂದ ಸ್ಥಳದ ಅಕ್ಷಾಂಶವಾದರೋ ಬದಲಾಗದು. ಆದುದರಿಂದಲೇ ಆ ಯಂತ್ರವು ಇಂದಿಗೂ ಕಾಲವನ್ನು ಸರಿಯಾಗಿ ಸೂಚಿಸುತ್ತಲಿದೆ. ಧ್ರುವಶಬ್ದಕ್ಕೆ ಅಚಲವೆಂದು ಅರ್ಥ ಹೇಳುವ ಅಧ್ಯಾಪಕರು, ಆ ಅಚಲತೆಯು ತಾರೆಯದಲ್ಲ, ಸ್ಥಾನದ್ದೆಂಬುದನ್ನೂ ವಿದ್ಯಾರ್ಥಿಗಳಿಗೆ ತಿಳಿಸುವುದು ಯುಕ್ತ.