ಮನೆಗೊಂದು ಹಾಡುವ ಪೆಟ್ಟಿಗೆ

ಯಂತ್ರಗಳ ಒಳಗುಟ್ಟು ತಿಳಿಯದ ನನ್ನಂಥವನು ಮನೆಗೊಂದು ಸಾದಾ ಸ್ಟೀರಿಯೋ ಕೊಳ್ಳಲು ಹೊರಟರೆ, ಅಂಗಡಿಯಲ್ಲಿ ಮೊದಲು ಕಿವಿಗೆ ಬೀಳುವುದು ವ್ಯಾಟಿನ ಲೆಕ್ಕ. ಬಳಿಕ ಬ್ಲೂಟೂತಿನ ಗುಣಗಾನ. “ಇದರಲ್ಲಿ ತಾವು ಏನು ಕೇಳುವವರು?” ಎಂದು ವಿಚಾರಿಸುವವರು ವಿರಳ. ಆದರೆ ಆ ಪ್ರಶ್ನೆಯೇ ಮೊದಲನೆಯದಾಗಬೇಕೆಂದು ನನಗೆ ತೋರುತ್ತದೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ನಮ್ಮ ಸೀಮೆ ಹಾಡು ಕೇಳುತ್ತ ಬಂದ ಬಗೆಯನ್ನು ನೆನೆದರೆ ಈ ಅಭಿಪ್ರಾಯ ಇನ್ನೂ ಬಲವಾಗುತ್ತದೆ.

ಈ ದೇಶದ ಕಂಠಗಳನ್ನು ತಟ್ಟೆಗೆ ಇಳಿಸುವ ಕೆಲಸ 1902ರಲ್ಲಿ ಕಲಕತ್ತೆಯಲ್ಲಿ ಮೊದಲಾಯಿತು. ಗೌಹರ್ ಜಾನ್ ಹಾಡಿ, ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಹೇಳಿ ಮುಗಿಸುತ್ತಿದ್ದರು. ಆಗ ತಟ್ಟೆಗಳು ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರಬೇಕಾಗಿತ್ತು. 1908ರಲ್ಲಿ ಕಲಕತ್ತೆಯ ಸಿಯಾಲ್ದಾದಲ್ಲಿಯೇ ಕಾರಖಾನೆ ಆದ ಮೇಲೆ ಆ ತೊಂದರೆ ತಪ್ಪಿತು. ಹತ್ತು ಅಂಗುಲದ ತಟ್ಟೆ, ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷದ ಹಾಡು. ತಾಸುಗಟ್ಟಲೆ ರಾಗ ಬಿಡಿಸುವ ಗವಾಯಿಗಳು ಅಷ್ಟರಲ್ಲಿಯೇ ರಾಗದ ಮುಖ ತೋರಿಸಬೇಕಾಗಿತ್ತು.

ನಮ್ಮ ಸೀಮೆ ಸಂಗೀತದ ಎರಡು ದೊಡ್ಡ ಊರುಗಳಿಗೆ ಹತ್ತಿರದಲ್ಲಿದೆ ಎಂಬುದನ್ನು ಮರೆಯಬಾರದು. ಕಾಗವಾಡ ದಾಟಿದರೆ ಮಿರಜ. ನಿಪ್ಪಾಣಿ ದಾಟಿದರೆ ಕೊಲ್ಹಾಪುರ. ಮಿರಜದಲ್ಲಿ ನೆಲೆಸಿದ್ದವರು ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನರು. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರ ಆಶ್ರಯ ಪಡೆದವರು ಜೈಪುರ ಘರಾಣೆಯ ಅಲ್ಲಾದಿಯಾ ಖಾನರು. ಕರೀಂ ಖಾನರು ತಟ್ಟೆಗೆ ಹಾಡಿದರು. ಅಲ್ಲಾದಿಯಾ ಖಾನರು ಹಾಡಲೇ ಇಲ್ಲ. 1937ರಲ್ಲಿ ತೀರಿಕೊಂಡು ಮಿರಜದ ಮೀರಾಸಾಹೇಬರ ದರ್ಗಾದ ಬಳಿ ಮಣ್ಣಾದ ಕರೀಂ ಖಾನರ ದನಿಯನ್ನು ನಾವು ಇಂದೂ ಕೇಳಬಹುದು. ಅಲ್ಲಾದಿಯಾ ಖಾನರದನ್ನಾದರೋ ಕೇಸರಬಾಯಿ ಕೇರಕರರಂಥ ಶಿಷ್ಯರ ಕಂಠದಲ್ಲಿ ಊಹಿಸಿಕೊಳ್ಳಬೇಕು ಅಷ್ಟೆ. ಒಂದು ತಟ್ಟೆ ಇರುವುದಕ್ಕೂ ಇಲ್ಲದಿರುವುದಕ್ಕೂ ಇರುವ ಅಂತರ ಇಷ್ಟು!

ಈ ತಟ್ಟೆಗಳು ಮಾಡಿದ ಕೆಲಸವೂ ಸಣ್ಣದಲ್ಲ. ಕರೀಂ ಖಾನರ ತಟ್ಟೆಯೊಂದನ್ನು ಬಾಲ್ಯದಲ್ಲಿ ಕೇಳಿ, ಹಾಗೆ ಹಾಡಬೇಕೆಂದು ಗದಗಿನ ಮನೆ ಬಿಟ್ಟ ಸಂಗತಿಯನ್ನು ಭೀಮಸೇನ ಜೋಶಿಯವರೇ ಹೇಳುತ್ತಿದ್ದರು. ಮಿರಜದಿಂದ ರಾಯಬಾಗ ಹಾಯ್ದು ಬೆಳಗಾವಿಗೆ ಹೋಗುವ ರೈಲಿನ ದಾರಿಯಲ್ಲಿ ಸುಳೇಭಾವಿ ಸಿಗುತ್ತದೆ. ಅಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರನೆಂಬ ಬಾಲಕ ತಟ್ಟೆಗಳನ್ನು ಕೇಳಿ ಹಾಗೆಯೇ ಹಾಡಿ ಕೇಳುವವರನ್ನು ಬೆರಗುಗೊಳಿಸಿದ. ಮುಂದೆ ಕುಮಾರ ಗಂಧರ್ವನಾದ. ಗಂಗೂಬಾಯಿ ಹಾನಗಲ್ಲರ ಮೊದಲ ತಟ್ಟೆಗಳು 1930ರ ದಶಕದ ಮೊದಲಿನಲ್ಲಿ ಗಾಂಧಾರಿ ಎಂಬ ಹೆಸರಿನಿಂದ ಹೊರಬಂದವು. ಬೈಠಕ್ಕಿಗೆ ಹೋಗಿ ಕೂಡುವ ರೂಢಿಯಿಲ್ಲದ ಮನೆಗಳ ಹೆಣ್ಣುಮಕ್ಕಳಿಗೆ ಇಂಥ ದನಿ ಪಡಸಾಲೆಯಲ್ಲಿಯೇ ಕೇಳಿಸಿತೆಂದರೆ ಅದು ಸಾಮಾನ್ಯ ಸಂಗತಿಯೇ?

ಪೆಟ್ಟಿಗೆಯಂತೂ ನನ್ನಂಥ ಅರಿಯದವರಿಗೂ ಅರ್ಥವಾಗುವಂತಿತ್ತು. ಚಾವಿ ಕೊಟ್ಟರೆ ಸ್ಪ್ರಿಂಗು ಬಿಗಿಯುತ್ತದೆ. ಬಿಚ್ಚಿಕೊಳ್ಳುತ್ತ ತಟ್ಟೆಯನ್ನು ನಿಮಿಷಕ್ಕೆ 78 ಸುತ್ತು ತಿರುಗಿಸುತ್ತದೆ. ವಿದ್ಯುತ್ತು ಬೇಡ. ಅರಗಿನಲ್ಲಿ ಕಲ್ಲಿನ ನುಣ್ಣನೆಯ ಪುಡಿ ಬೆರೆಸಿ ತಟ್ಟೆ ಮಾಡುತ್ತಿದ್ದರು. ಆ ಪುಡಿ ಉಕ್ಕಿನ ಮುಳ್ಳನ್ನು ಸವೆಯಿಸಿ ಗೀರಿನ ಅಳತೆಗೆ ತರುತ್ತಿತ್ತು. ಆದುದರಿಂದಲೇ ಪ್ರತಿ ಮಗ್ಗುಲಿಗೂ ಹೊಸ ಮುಳ್ಳು ಹಾಕಬೇಕೆಂಬ ನಿಯಮ. ಜಿಪುಣತನ ಮಾಡಿ ಹಳೆಯ ಮುಳ್ಳಿನಲ್ಲೇ ಹಾಡಿಸಿದರೆ ಗೀರು ಕೆತ್ತಿಹೋಗಿ ಹಾಡಿಗೆ ಬದಲು ಗರಗರ ಸದ್ದು ಉಳಿಯುತ್ತಿತ್ತು. ಕೈಜಾರಿದರೆ ತಟ್ಟೆ ಹಪ್ಪಳದಂತೆ ಮುರಿಯುತ್ತಿತ್ತು. ರೈಲು ಮುಟ್ಟದ ಅಥಣಿಗೋ ನಿಪ್ಪಾಣಿಗೋ ಅದನ್ನು ಒಯ್ಯುವುದೇ ಒಂದು ಜೋಪಾನದ ಕೆಲಸ.

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಆರಂಭವಾಯಿತು. ಹಾಡನ್ನು ಆರಿಸುವ ಕೆಲಸ ನಿಲಯದವರದಾಯಿತು; ಮನೆಯವರಿಗೆ ಉಳಿದದ್ದು ರೇಡಿಯೋ ಆರಿಸುವುದು, ಲೈಸೆನ್ಸಿನ ಹಣ ಕಟ್ಟುವುದು. ಅಷ್ಟರಲ್ಲಿ, 1948ರಲ್ಲಿ, ಅಮೆರಿಕದಲ್ಲಿ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಮೀರಿ ಹಾಡುವ ಎಲ್‌ಪಿ ತಟ್ಟೆ ಬಂದಿತ್ತು. ಎರಡು ಕಿವಿಗೆ ಎರಡು ಬಗೆಯಾಗಿ ಕೇಳಿಸುವ ಸ್ಟೀರಿಯೋ ಎಲ್‌ಪಿ ಮಾರುಕಟ್ಟೆಗೆ ಬಂದದ್ದು 1958ರಲ್ಲಿ. ಫಿಲಿಪ್ಸ್ ಕಂಪನಿಯ ಕ್ಯಾಸೆಟ್ಟು 1963ರಲ್ಲಿ.

ಈಗ ಅಂಗಡಿಯ ಮಾತಿಗೆ ಬರೋಣ. ಮೇಲಿನ ಇಸವಿಗಳೇ ಕೊಳ್ಳುವವನಿಗೆ ದಾರಿ ತೋರಿಸುತ್ತವೆ. ಕರೀಂ ಖಾನರ 78ರ ತಟ್ಟೆಯಲ್ಲಿ ಇರುವುದು ಒಂದೇ ದನಿ. ಎರಡು ಸ್ಪೀಕರು ಇಟ್ಟರೂ ಎರಡರಿಂದಲೂ ಅದೇ ದನಿ ಬರುತ್ತದೆ. ಅಂಥ ಹಾಡುಗಳನ್ನಷ್ಟೇ ಕೇಳುವವರು ಒಂದು ಒಳ್ಳೆಯ ಸ್ಪೀಕರಿನಲ್ಲಿ ತೃಪ್ತರಾಗಬಹುದು. ಸ್ಟೀರಿಯೋ ತಟ್ಟೆ, ಈಚಿನ ಹಾಡು ಕೇಳುವವರಿಗೆ ಎರಡು ಬೇಕು. ಅವೆರಡೂ ಕೇಳುವವನೂ ಸಮಭುಜ ತ್ರಿಕೋನದ ಮೂರು ಮೂಲೆಗಳಲ್ಲಿದ್ದರೆ ಚೆನ್ನ. ಸಣ್ಣ ಕೋಣೆಗೆ ಹೆಚ್ಚು ವ್ಯಾಟು ಬೇಕಿಲ್ಲ.

ಮನೆಯಲ್ಲಿ ಹಿರಿಯರ ತಟ್ಟೆಗಳಿದ್ದರಂತೂ ಎರಡು ಸಂಗತಿಗಳನ್ನು ವಿಚಾರಿಸದೆ ಹಣ ಕೊಡಬಾರದು. ಇಂದಿನ ಅನೇಕ ಯಂತ್ರಗಳು 33 ಮತ್ತು 45 ಸುತ್ತಿಗೆ ಮಾತ್ರ ತಿರುಗುತ್ತವೆ. 78 ಉಂಟೋ ಇಲ್ಲವೋ ಕೇಳಬೇಕು. ಇನ್ನು 78ರ ಗೀರು ಅಗಲವಾದುದು. ಅದಕ್ಕೆ ಎಲ್‌ಪಿ ಮುಳ್ಳಿಗಿಂತ ಸುಮಾರು ಮೂರು ಪಟ್ಟು ದಪ್ಪ ತುದಿಯ ಬೇರೆ ಮುಳ್ಳೇ ಬೇಕು. ಎಲ್‌ಪಿ ಮುಳ್ಳು ಅದರ ತಳದಲ್ಲಿ ಹೊರಳಾಡಿ ಕಸದ ಸದ್ದನ್ನೇ ಎತ್ತುತ್ತದೆ. ಹಳೆಯ ಚಾವಿಯ ಪೆಟ್ಟಿಗೆಯ ಉಕ್ಕಿನ ಮುಳ್ಳನ್ನು ಎಲ್‌ಪಿಯ ಮೇಲಿಟ್ಟರೆ ತಟ್ಟೆಯೇ ಹಾಳು.

ಕಡೆಯದಾಗಿ, ತಮಗೆ ಬಾಯಿಪಾಠವಾದ ಒಂದು ಹಾಡನ್ನು ಒಯ್ದು ಅಂಗಡಿಯಲ್ಲಿ ಹಾಡಿಸಿ ಕೇಳಿ. ತಂಬೂರಿಯ ನಾದ ಪ್ರತ್ಯೇಕವಾಗಿ ಕೇಳುತ್ತದೆಯೇ? ಹಾಡುವವರ ದನಿ ನಾವು ಬಲ್ಲ ದನಿಯಂತೆಯೇ ಇದೆಯೇ? ಇದಕ್ಕೆ ಯಂತ್ರಜ್ಞಾನ ಬೇಡ, ಕಿವಿ ಸಾಕು. ಯಂತ್ರ ಕೆಟ್ಟರೆ ಇನ್ನೊಂದು ಸಿಗುತ್ತದೆ. ಅರಗಿನ ತಟ್ಟೆಗಳನ್ನು ಅಚ್ಚು ಹಾಕುವ ಕೆಲಸವಾದರೋ ನಿಂತು ಎಷ್ಟೋ ಕಾಲವಾಯಿತು. ಅಟ್ಟದ ಮೇಲಿನ ತಟ್ಟೆಯೊಂದು ಕೆಟ್ಟರೆ ಅದರಲ್ಲಿದ್ದ ಮೂರು ನಿಮಿಷ ಬೇರೆಲ್ಲಿಯೂ ಉಳಿದಿರಲಾರದು.